ಎ20 ಗೇಟ್ ಎಮ್ಯುಲೇಟ್ ಮಾಡುವುದು ಹೇಗೆ: ಕ್ಯೂಎಮುನಲ್ಲಿ ನೋಡಿ, ಕೆವಿಎಂ ಮೇಲೆ ನೀವೇ ಕಟ್ಟಿ

ಹಳೆಯ ಡಾಸ್ ಪ್ರೋಗ್ರಾಂ ಒಂದನ್ನು ವರ್ಚುವಲ್ ಮಷೀನ್‌ನಲ್ಲಿ ಓಡಿಸುತ್ತೀರಿ. ಪರದೆ ಮೇಲೆ ‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’ ಅಂತ ಬಂದು ನಿಂತುಬಿಡುತ್ತದೆ. ಫೈಲ್ ಹಾಳಾಗಿದೆ ಅಂತ ಇನ್ನೊಂದು ಕಾಪಿ ಹುಡುಕುವುದಕ್ಕೆ ಮುಂಚೆ ಸ್ವಲ್ಪ ತಾಳಿ. ಬಹಳ ಸಲ ಫೈಲ್ ಚೆನ್ನಾಗೇ ಇರುತ್ತದೆ. ಪ್ರೋಗ್ರಾಂ ಮೆಮೊರಿಯ ಮೊದಲ 64 ಕೆಬಿ ಒಳಗೆ ಲೋಡ್ ಆಗಿದೆ, ಅದರ ಪ್ಯಾಕ್ ಬಿಚ್ಚುವ ಕೋಡ್ ಮಾತ್ರ ‘ವಿಳಾಸ 1 ಎಂಬಿ ದಾಟಿದರೆ ತಿರುಗಿ ಸೊನ್ನೆಗೆ ಬರುತ್ತದೆ’ ಅಂತ ನಂಬಿಕೊಂಡು ಬರೆದದ್ದು, ಆದರೆ ನಿಮ್ಮ ಮಷೀನ್ ಹಾಗೆ ತಿರುಗಿಸುತ್ತಿಲ್ಲ. ಇದರ ಹಿಂದೆ ಇರುವುದು ಎ20 ಗೇಟ್, ಅಂದರೆ ಪ್ರೊಸೆಸರ್‌ನ ಎ20 ಅನ್ನುವ ಅಡ್ರೆಸ್ ಲೈನನ್ನು ತೆರೆದು ಮುಚ್ಚುವ ಸ್ವಿಚ್.

ಇಲ್ಲಿ ಮಾಡುವುದು ಮೂರು ಕೆಲಸ. ಮೊದಲು ಎ20 ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ಹೇಳುವ ಪುಟ್ಟ ಪರೀಕ್ಷೆ ಬರೆಯೋಣ. ಆಮೇಲೆ ಇಡೀ ಕಂಪ್ಯೂಟರನ್ನೇ ಅನುಕರಿಸುವ ಎಮ್ಯುಲೇಟರ್ ಕ್ಯೂಎಮು ಅದನ್ನು ಹೇಗೆ ಮಾಡುತ್ತದೆ ಅಂತ ಸೋರ್ಸ್ ಒಳಗೆ ಹೋಗಿ ನೋಡೋಣ. ಕೊನೆಗೆ, ಲಿನಕ್ಸ್ ಕರ್ನಲ್‌ನ ವರ್ಚುವಲೈಸೇಶನ್ ಭಾಗವಾದ ಕೆವಿಎಂ ಎ20 ಕಡೆ ತಿರುಗಿಯೂ ನೋಡುವುದಿಲ್ಲವಾದ್ದರಿಂದ, ಅದರ ಮೇಲೆ ನಾವೇ ಕಟ್ಟೋಣ. ಸಿ ಮತ್ತು ಸ್ವಲ್ಪ ಅಸೆಂಬ್ಲಿ ಗೊತ್ತಿದ್ದರೆ ಸಾಕು. ವಿಳಾಸ, ಪೋರ್ಟ್ ಮತ್ತು ಬೈಟ್ ಬೆಲೆಗಳೆಲ್ಲ ಹೆಕ್ಸ್‌ನಲ್ಲಿವೆ, ಹಾಗಲ್ಲದ ಕಡೆ ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ

1978ರ 8086ಗೆ ಇದ್ದದ್ದು 20 ಅಡ್ರೆಸ್ ಲೈನ್, ಎ0ಯಿಂದ ಎ19ರ ತನಕ. ಅಂದರೆ 1 ಎಂಬಿ. ವಿಳಾಸ ಲೆಕ್ಕ ಹಾಕುವುದು ಸೆಗ್ಮೆಂಟನ್ನು ದಶಮಾಂಶದ 16ರಿಂದ ಗುಣಿಸಿ ಅದಕ್ಕೆ ಆಫ್‌ಸೆಟ್ ಕೂಡಿಸಿ. ಸೆಗ್ಮೆಂಟ್ ಎಫ್‌ಎಫ್‌ಎಫ್‌ಎಫ್, ಆಫ್‌ಸೆಟ್ 0610 ಕೊಟ್ಟರೆ ಮೊತ್ತ 100600. ಇದಕ್ಕೆ 21 ಬಿಟ್ ಬೇಕು, ಇರುವುದು 20 ಲೈನ್. ಮೇಲಿನ ಬಿಟ್ ಬಿದ್ದುಹೋಗಿ ಉಳಿಯುವುದು 00600. ಬೈಕಿನ ಹಳೆಯ ಮೀಟರ್ 99999 ಆದಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುವ ಹಾಗೆ.

ಇದನ್ನು ನಂಬಿಕೊಂಡ ಕೋಡ್ ನಿಜಕ್ಕೂ ಇತ್ತು. ಡಾಸ್ ಪ್ರತಿ ಪ್ರೋಗ್ರಾಂಗೂ ಮೊದಲಲ್ಲಿ ಒಂದು ಹೆಡರ್ ಇಡುತ್ತದೆ, ಪಿಎಸ್‌ಪಿ ಅಂತ. ಅದರ 5ನೇ ಬೈಟಿನಲ್ಲಿ ಡಾಸ್‌ಗಿಂತ ಹಳೆಯ ಆಪರೇಟಿಂಗ್ ಸಿಸ್ಟಂ ಸಿಪಿ/ಎಂ ಶೈಲಿಯ ಕರೆಗಾಗಿ ಒಂದು ಫಾರ್ ಕಾಲ್ (ಬೇರೆ ಸೆಗ್ಮೆಂಟಿಗೆ ಹೋಗುವ ಕರೆ) ಇರುತ್ತದೆ. ಅದರ ಗುರಿ ಲೆಕ್ಕ ಹಾಕಿ ನೋಡಿದರೆ 1 ಎಂಬಿ ದಾಟಿ ದಶಮಾಂಶದ 192 ಬೈಟ್ ಆಚೆ ಬೀಳುತ್ತದೆ. ವಿಳಾಸ ತಿರುಗಿದರೆ ಅದು ಇಂಟರಪ್ಟ್ 30ರ ವೆಕ್ಟರ್ ಇರಬೇಕಾದ ಜಾಗ, ಅಲ್ಲಿ ಡಾಸ್ ಮೊದಲೇ ಒಂದು ಜಂಪ್ ಬರೆದಿಟ್ಟಿರುತ್ತದೆ. ತಿರುಗದಿದ್ದರೆ ಪ್ರೋಗ್ರಾಂ ಎಲ್ಲೋ ಹೋಗಿ ಬೀಳುತ್ತದೆ.

1982ರಲ್ಲಿ ಬಂದ 286ಗೆ 24 ಲೈನ್. 8086ರ ಹಾಗೆ ನಡೆಯುವ ರಿಯಲ್ ಮೋಡ್‌ನಲ್ಲೂ 100600 ಅಂದರೆ ನಿಜವಾಗಿ 100600ಕ್ಕೇ ಹೋಗುತ್ತದೆ. 1984ರ ಐಬಿಎಂ ಪಿಸಿ/ಎಟಿಯಲ್ಲಿ ಹಳೆಯ ಪ್ರೋಗ್ರಾಂಗಳು ಕೆಡಬಾರದು ಅಂತ ಐಬಿಎಂ ಎ20 ಲೈನಿಗೆ ಒಂದು ಗೇಟ್ ಹಾಕಿತು. ಅದನ್ನು ತೆರೆದು ಮುಚ್ಚುವ ಕೆಲಸ ಕೊಟ್ಟದ್ದು 8042 ಕೀಬೋರ್ಡ್ ಕಂಟ್ರೋಲರ್‌ಗೆ, ಅದರಲ್ಲಿ ಒಂದು ಪಿನ್ ಖಾಲಿ ಇತ್ತು. ಅದು ನಿಧಾನ, ಹಾಗಾಗಿ ಪಿಎಸ್/2 ಮಷೀನ್‌ಗಳಲ್ಲಿ ಪೋರ್ಟ್ 92 ಅಂತ ಬೇಗನೆ ಕೆಲಸ ಮಾಡುವ ಇನ್ನೊಂದು ದಾರಿ ಬಂತು. 486 ಬರುವ ಹೊತ್ತಿಗೆ ಕ್ಯಾಶ್ ಚಿಪ್ ಒಳಗೇ ಸೇರಿಕೊಂಡಿತ್ತು. ಬೋರ್ಡ್ ಮೇಲಿನ ಗೇಟ್ ಕ್ಯಾಶ್‌ಗೆ ಕಾಣುವುದಿಲ್ಲವಲ್ಲ, ಅದಕ್ಕೇ ಪ್ರೊಸೆಸರ್‌ಗೇ ಒಂದು ಎ20ಎಂ ಪಿನ್ ಕೊಟ್ಟರು. ಈ ಕ್ಯಾಶ್ ವಿಷಯ ನೆನಪಿಟ್ಟುಕೊಳ್ಳಿ, ಎಮ್ಯುಲೇಟರ್ ಸೋರ್ಸ್‌ನಲ್ಲಿ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಬರುತ್ತದೆ. ಇಂಟೆಲ್‌ನ ಹೊಸ ಪ್ರೊಸೆಸರ್‌ಗಳಲ್ಲಿ ಆ ಪಿನ್ ಇಲ್ಲದೆಯೂ ಇರಬಹುದು.

ಗೇಟ್ ತೆರೆದಾಗ ರಿಯಲ್ ಮೋಡ್‌ಗೆ 1 ಎಂಬಿ ಮೇಲೆ ದಶಮಾಂಶದ 65,520 ಬೈಟ್ ಹೆಚ್ಚು ಸಿಗುತ್ತದೆ. ಇದೇ ಎಚ್‌ಎಂಎ, ಅಂದರೆ ಹೈ ಮೆಮೊರಿ ಏರಿಯಾ. 1991ರ ಎಂಎಸ್-ಡಾಸ್ 5 ತನ್ನ ಕೋಡ್‌ನ ದೊಡ್ಡ ಪಾಲನ್ನು ಇಲ್ಲಿಗೆ ಸಾಗಿಸಿ ಕೆಳಗಿನ ಜಾಗ ಖಾಲಿ ಮಾಡಿತು. ಆಗಲೇ ಪ್ರೋಗ್ರಾಂಗಳು ಮೊದಲ 64 ಕೆಬಿ ಒಳಗೆ ಲೋಡ್ ಆಗುವುದು ಜಾಸ್ತಿಯಾಗಿ ಮೇಲೆ ಹೇಳಿದ ದೂರು ಕಾಣಿಸಿಕೊಂಡಿತು, ಅದಕ್ಕೇ ಡಾಸ್ 5 ಜೊತೆಗೆ ಪ್ರೋಗ್ರಾಂ ಅನ್ನು ಆ 64 ಕೆಬಿಯ ಮೇಲೆ ಲೋಡ್ ಮಾಡಿಸುವ ಲೋಡ್‌ಫಿಕ್ಸ್ ಅನ್ನುವ ಕಮಾಂಡ್ ಕೂಡ ಬಂತು.

ಬೇಕಾದ ಸಾಮಾನು

ಎಕ್ಸ್86 ಪ್ರೊಸೆಸರ್ ಇರುವ ಒಂದು ಲಿನಕ್ಸ್ ಮಷೀನ್, ಕ್ಯೂಎಮು, ನ್ಯಾಸ್ಮ್ ಅಸೆಂಬ್ಲರ್, ಜಿಸಿಸಿ, ಕ್ಯೂಎಮು ಸೋರ್ಸ್‌ನ ಒಂದು ಕಾಪಿ. ನಿಮ್ಮ ಯೂಸರ್ ಕೆವಿಎಂ ಗುಂಪಿನಲ್ಲಿ ಇರಬೇಕು, ಇಲ್ಲದಿದ್ದರೆ ಕೆವಿಎಂ ಡಿವೈಸ್ ಫೈಲ್ ತೆರೆಯಲು ಅನುಮತಿ ಸಿಗುವುದಿಲ್ಲ. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗಿದೆಯಾ ಅಂತಲೂ ನೋಡಿಕೊಳ್ಳಿ.

ಹೆಜ್ಜೆ 1: ಪರೀಕ್ಷೆ ಬರೆಯಿರಿ

ಇದು ಒಂದು ಬೂಟ್ ಸೆಕ್ಟರ್. ದಶಮಾಂಶದ 512 ಬೈಟ್, ಕೊನೆಯ ಎರಡು ಬೈಟ್ 55 ಮತ್ತು ಎಎ. ಬಯೋಸ್ ಇದನ್ನು ವಿಳಾಸ 7ಸಿ00ಕ್ಕೆ ಲೋಡ್ ಮಾಡುತ್ತದೆ, ಹಾಗಾಗಿ ಅಸೆಂಬ್ಲರ್‌ಗೆ ಆರಂಭದ ವಿಳಾಸ ಅದೇ ಅಂತ ಹೇಳಿ, 16 ಬಿಟ್ ಕೋಡ್ ಕೇಳಿ.

ಮೊದಲು ಇಂಟರಪ್ಟ್‌ಗಳನ್ನು ಮುಚ್ಚಿ, ಸ್ಟ್ಯಾಕ್ ಸೆಗ್ಮೆಂಟನ್ನು ಸೊನ್ನೆ ಮಾಡಿ, ಸ್ಟ್ಯಾಕನ್ನು 7ಸಿ00ರ ಕೆಳಗೆ ಇಡಿ. ಡಿಎಸ್ ರಿಜಿಸ್ಟರ್‌ಗೆ ಸೊನ್ನೆ, ಇಎಸ್ ರಿಜಿಸ್ಟರ್‌ಗೆ ಎಫ್‌ಎಫ್‌ಎಫ್‌ಎಫ್ ಹಾಕಿ. ಈಗ ಪರೀಕ್ಷೆಯ ಸಬ್‌ರೂಟೀನ್. ಇಎಸ್‌ನಲ್ಲಿ ಆಫ್‌ಸೆಟ್ 0610ಕ್ಕೆ 11 ಅನ್ನುವ ಬೈಟ್ ಬರೆಯಿರಿ. ಆಮೇಲೆ ಡಿಎಸ್‌ನಲ್ಲಿ ಆಫ್‌ಸೆಟ್ 0600ಕ್ಕೆ 22 ಬರೆಯಿರಿ. ಈಗ ಇಎಸ್‌ನ 0610 ಮತ್ತೆ ಓದಿ. 11 ಬಂದರೆ ಅವೆರಡೂ ಬೇರೆ ಬೇರೆ ಜಾಗ, ಎ20 ಆನ್. 22 ಬಂದರೆ ಎರಡೂ ಒಂದೇ ಜಾಗ, ವಿಳಾಸ ತಿರುಗುತ್ತಿದೆ, ಎ20 ಆಫ್. ಆನ್ ಆದರೆ ‘1’, ಆಫ್ ಆದರೆ ‘0’ ಅಕ್ಷರವನ್ನು ಒಂದು ಬಫರ್‌ಗೆ ಹಾಕಿ ವಾಪಸ್ ಬನ್ನಿ. ಬರೆಯುವ ಕ್ರಮ ಮುಖ್ಯ. ಮೇಲಿನದನ್ನು ಮೊದಲು, ಕೆಳಗಿನದನ್ನು ಆಮೇಲೆ ಬರೆದರೇ ಮೇಲೆ ಓದುವ ಬೆಲೆಗೆ ಅರ್ಥ ಬರುತ್ತದೆ.

ಈ ಸಬ್‌ರೂಟೀನನ್ನು ಮೂರು ಸಲ ಕರೆಯಿರಿ. ಒಂದು, ಏನೂ ಮುಟ್ಟದೆ. ಎರಡು, ಪೋರ್ಟ್ 92ರಿಂದ ಒಂದು ಬೈಟ್ ಓದಿ, ಬಿಟ್ 1 ಸೊನ್ನೆ ಮಾಡಿ ವಾಪಸ್ ಬರೆದ ಮೇಲೆ. ಮೂರು, ಅದೇ ಬಿಟ್ 1ನ್ನು ಮತ್ತೆ ಒಂದು ಮಾಡಿ ಬರೆದ ಮೇಲೆ. ಎರಡೂ ಸಲ ಬಿಟ್ 0 ಸೊನ್ನೆಯಾಗಿಯೇ ಇರಲಿ. ಅದು ಒಂದಾದರೆ ಮಷೀನ್ ರೀಸೆಟ್ ಆಗುತ್ತದೆ, ಆಗ ನೀವು ಬೂಟ್ ಆಗುತ್ತಲೇ ಇರುವ ಪರದೆ ನೋಡುತ್ತಾ ಕೂರಬೇಕಾಗುತ್ತದೆ.

ಮೂರೂ ಮುಗಿದ ಮೇಲೆ ಬಫರ್‌ನಲ್ಲಿರುವ ಮೂರು ಅಕ್ಷರಗಳನ್ನು ಬಯೋಸ್ ಇಂಟರಪ್ಟ್ 10ರ ಫಂಕ್ಷನ್ 0ಇ ಬಳಸಿ ಪ್ರಿಂಟ್ ಮಾಡಿ, ಹಾಲ್ಟ್ ಹಾಕಿ. ನಡುನಡುವೆ ಪ್ರಿಂಟ್ ಮಾಡಬೇಡಿ. ಬಯೋಸ್ ತನ್ನ ಕೆಲಸಕ್ಕೆ ತಾನೇ ಎ20 ಮುಟ್ಟಬಹುದು, ಆಗ ನೀವು ಅಳೆಯುತ್ತಿರುವುದು ನಿಮ್ಮ ಕೋಡ್‌ನ ಪರಿಣಾಮವೋ ಬಯೋಸ್‌ದೋ ಅನ್ನುವುದೇ ಗೊತ್ತಾಗುವುದಿಲ್ಲ.

ಹೆಜ್ಜೆ 2: ಎರಡು ಕಡೆ ಓಡಿಸಿ

ಕ್ಯೂಎಮು ಎರಡು ರೀತಿ ಕೆಲಸ ಮಾಡುತ್ತದೆ. ಟಿಸಿಜಿ ಅಂದರೆ ಗೆಸ್ಟ್ (ವರ್ಚುವಲ್ ಮಷೀನ್ ಒಳಗಿನ) ಕೋಡನ್ನು ಸಾಫ್ಟ್‌ವೇರ್‌ನಲ್ಲೇ ಅನುವಾದ ಮಾಡಿ ಓಡಿಸುವುದು. ಕೆವಿಎಂ ಅಂದರೆ ನಿಜವಾದ ಪ್ರೊಸೆಸರ್ ಮೇಲೆ ನೇರವಾಗಿ ಓಡಿಸುವುದು. ನಿಮ್ಮ ಬೂಟ್ ಸೆಕ್ಟರನ್ನು ರಾ ಫಾರ್ಮ್ಯಾಟ್ ಡ್ರೈವ್ ಆಗಿ ಕೊಟ್ಟು, ಆಕ್ಸೆಲ್ ಆಯ್ಕೆಯಲ್ಲಿ ಒಮ್ಮೆ ಟಿಸಿಜಿ, ಇನ್ನೊಮ್ಮೆ ಕೆವಿಎಂ ಅಂತ ಹಾಕಿ ಓಡಿಸಿ.

ಟಿಸಿಜಿಯಲ್ಲಿ 101 ಬರುತ್ತದೆ. ಬಯೋಸ್ ಎ20 ಆನ್ ಮಾಡಿಯೇ ಬೂಟ್ ಸೆಕ್ಟರ್‌ಗೆ ಕೈ ಕೊಟ್ಟಿದೆ, ನೀವು ಆಫ್ ಮಾಡಿದಾಗ ಆಫ್ ಆಗಿದೆ, ಆನ್ ಮಾಡಿದಾಗ ಆನ್.

ಕೆವಿಎಂನಲ್ಲಿ 111. ಆಫ್ ಮಾಡಿದ್ದು ಯಾರಿಗೂ ತಟ್ಟಲೇ ಇಲ್ಲ.

ಈಗ ಮೂರನೇ ಕರೆಗೆ ಮುಂಚೆಯೇ, ಅಂದರೆ ಎ20 ಆಫ್ ಮಾಡಿದ ತಕ್ಷಣ ಹಾಲ್ಟ್ ಆಗುವ ಹಾಗೆ ಕೋಡ್ ಬದಲಿಸಿ, ಎರಡೂ ಕಡೆ ಕ್ಯೂಎಮು ಮಾನಿಟರ್ ತೆರೆದು ಇನ್ಫೋ ರಿಜಿಸ್ಟರ್ಸ್ ಕೊಡಿ. ಇಐಪಿ ಇರುವ ಸಾಲಿನ ಕೊನೆ ಕಡೆ ಎ20 ಅಂತ ಒಂದು ಅಂಕಿ ಇರುತ್ತದೆ. ಎರಡೂ ಕಡೆ ಅದು 0 ಅಂತಲೇ ತೋರಿಸುತ್ತದೆ! ಕೆವಿಎಂ ಕೆಳಗೆ ವಿಳಾಸ ತಿರುಗುತ್ತಿಲ್ಲ ಅಂತ ಈಗಷ್ಟೇ ನೋಡಿದ್ದೀವಿ, ಆದರೂ ಮಾನಿಟರ್ 0 ಅನ್ನುತ್ತದೆ. ಯಾಕೆಂದರೆ ಆ ಅಂಕಿ ಬರುವುದು ಕ್ಯೂಎಮು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡ ಬೆಲೆಯಿಂದ. ಪೋರ್ಟ್ 92ಕ್ಕೆ ಬರೆದದ್ದು ಕ್ಯೂಎಮುಗೆ ಬಂತು, ಅದು ಬರೆದುಕೊಂಡಿತು. ಪ್ರೊಸೆಸರ್‌ಗೆ ಹೇಳುವ ದಾರಿಯೇ ಕೆವಿಎಂನಲ್ಲಿ ಇಲ್ಲ. ಹಳೆಯ ಹಾರ್ಡ್‌ವೇರ್ ಎಮ್ಯುಲೇಟ್ ಮಾಡುವಾಗ ಸ್ಥಿತಿ ತೋರಿಸುವ ಅಂಕಿಯನ್ನು ನೋಡಿ ತೃಪ್ತಿಪಡಬೇಡಿ, ಎರಡು ಬೈಟ್ ಬರೆದು ಒಂದು ಬೈಟ್ ಓದುವ ಪರೀಕ್ಷೆಯೇ ಸಾಕ್ಷಿ.

ಇದು ಕೆವಿಎಂ ಬರೆದವರ ಸೋಮಾರಿತನ ಅಲ್ಲ. ಇಂಟೆಲ್‌ನ ವರ್ಚುವಲೈಸೇಶನ್ ವಿನ್ಯಾಸದಲ್ಲೇ ಎ20ಎಂಗೆ ಜಾಗ ಇಲ್ಲ. ಪ್ರೊಸೆಸರ್ ಎ20ಎಂ ಮೋಡ್‌ನಲ್ಲಿ ಇರುವಾಗ ವಿಎಂಎಕ್ಸ್ (ಇಂಟೆಲ್‌ನ ವರ್ಚುವಲೈಸೇಶನ್ ಮೋಡ್) ಆನ್ ಮಾಡುವ ಸೂಚನೆ ಕೊಟ್ಟರೆ ಅದು ಜನರಲ್ ಪ್ರೊಟೆಕ್ಷನ್ ದೋಷ ಕೊಟ್ಟು ವಾಪಸ್ ಬರುತ್ತದೆ. ಹಾಗಾಗಿ ಮಾಡುವುದಿದ್ದರೆ ಮೆಮೊರಿ ನಕ್ಷೆಯ ಮೂಲಕವೇ ಮಾಡಬೇಕು.

ಹೆಜ್ಜೆ 3: ಕ್ಯೂಎಮು ಸೋರ್ಸ್ ಓದಿ

ನಾಲ್ಕು ಜಾಗ ನೋಡಿದರೆ ಸಾಕು, ಬೇರೆಲ್ಲ ಸುಮ್ನೆ ಬಿಡಿ.

ಒಂದು, ಪೋರ್ಟ್92 ಹೆಸರಿನ ಸಿ ಫೈಲ್. ಪುಟ್ಟದು. ಬರೆಯುವ ಫಂಕ್ಷನ್‌ನಲ್ಲಿ ಬಿಟ್ 1 ತೆಗೆದು ಎ20ಯ ಔಟ್‌ಪುಟ್ ಲೈನಿಗೆ ಕೊಡುತ್ತದೆ. ಬಿಟ್ 0 ಸೊನ್ನೆಯಿಂದ ಒಂದಾದರೆ ರೀಸೆಟ್ ಕೇಳುತ್ತದೆ.

ಎರಡು, ಪಿಸಿ ಕೀಬೋರ್ಡ್‌ನ ಫೈಲ್. ಇದು 8042 ದಾರಿ. ಪೋರ್ಟ್ 64ಕ್ಕೆ ಡಿ1 ಅನ್ನುವ ಕಮಾಂಡ್, ಆಮೇಲೆ ಪೋರ್ಟ್ 60ಕ್ಕೆ ಔಟ್‌ಪುಟ್ ಬೈಟ್. ಡಿಎಫ್ ಕೊಟ್ಟರೆ ಆನ್, ಡಿಡಿ ಕೊಟ್ಟರೆ ಆಫ್, ಎರಡಕ್ಕೂ ವ್ಯತ್ಯಾಸ ಬಿಟ್ 1 ಮಾತ್ರ. ಇಲ್ಲಿ ಬಿಟ್ 0 ಉಲ್ಟಾ: ಅದು ಸೊನ್ನೆಯಾದರೆ ರೀಸೆಟ್. ಪೋರ್ಟ್ 92ರಲ್ಲಿ ಒಂದಾದರೆ, ಇಲ್ಲಿ ಸೊನ್ನೆಯಾದರೆ. ಎಮ್ಯುಲೇಟರ್ ಬರೆಯುವವರು ಇಲ್ಲಿ ಎಚ್ಚರವಾಗಿರಬೇಕು.

ಮೂರು, ಪಿಸಿ ಮಷೀನ್ ಕಟ್ಟುವ ಫೈಲ್. ಮೇಲಿನ ಎರಡೂ ಲೈನ್‌ಗಳು ಬಂದು ಸೇರುವುದು ಹ್ಯಾಂಡಲ್_ಎ20_ಲೈನ್_ಚೇಂಜ್ ಅನ್ನುವ ಒಂದೇ ಫಂಕ್ಷನ್‌ಗೆ. ಅದು ಮೊದಲ ಸಿಪಿಯುಗೆ ಮಾತ್ರ ವಿಷಯ ಹೇಳುತ್ತದೆ. ಯಾವ ದಾರಿಯಿಂದ ಬಂತು ಅಂತ ನೋಡುವುದೇ ಇಲ್ಲ, ಕೊನೆಗೆ ಬರೆದವರ ಮಾತೇ ನಡೆಯುತ್ತದೆ. ಎಲ್ಲ ಸಿಪಿಯುಗಳಿಗೂ ಕಳಿಸಬೇಕಾ, ಹಲವು ಮೂಲಗಳನ್ನು ಸೇರಿಸುವ ಲಾಜಿಕ್ ಬೇಕು ಅಂತ ಬರೆದವರೇ ಕಾಮೆಂಟ್‌ನಲ್ಲಿ ಗುರುತು ಹಾಕಿಟ್ಟಿದ್ದಾರೆ. ನಿಜವಾದ ಎಷ್ಟೋ ಬೋರ್ಡ್‌ಗಳಲ್ಲಿ ಎರಡು ದಾರಿಗಳನ್ನೂ ಆರ್ ಗೇಟ್‌ನಿಂದ ಸೇರಿಸಿರುತ್ತಾರೆ, ಯಾವುದಾದರೂ ಒಂದು ಆನ್ ಇದ್ದರೆ ಎ20 ಆನ್. ಪೋರ್ಟ್ 92ರಲ್ಲಿ ಆನ್ ಮಾಡಿ, ಕೀಬೋರ್ಡ್ ದಾರಿಯಲ್ಲಿ ಆಫ್ ಮಾಡಿ ನೋಡಿ. ಅಂಥ ಬೋರ್ಡ್‌ನಲ್ಲಿ ಆನ್ ಆಗಿಯೇ ಉಳಿಯುತ್ತದೆ, ಕ್ಯೂಎಮುನಲ್ಲಿ ಆಫ್ ಆಗುತ್ತದೆ.

ನಾಲ್ಕು, ಮುಖ್ಯವಾದದ್ದು. ಐ386 ಟಾರ್ಗೆಟ್‌ನ ಹೆಲ್ಪರ್ ಫೈಲ್‌ನಲ್ಲಿ ಎಕ್ಸ್86_ಸಿಪಿಯು_ಸೆಟ್_ಎ20 ಅನ್ನುವ ಫಂಕ್ಷನ್. ಬೆಲೆ ಬದಲಾಗಿಲ್ಲದಿದ್ದರೆ ಏನೂ ಮಾಡುವುದಿಲ್ಲ. ಬದಲಾಗಿದ್ದರೆ ಮೂರು ಕೆಲಸ ಮಾಡುತ್ತದೆ: ಈಗ ಓಡುತ್ತಿರುವ ಅನುವಾದಿತ ಕೋಡ್ ತುಂಡಿನಿಂದ ಹೊರಗೆ ಬರುವಂತೆ ಮಾಡುತ್ತದೆ, ಟಿಎಲ್‌ಬಿ (ವಿಳಾಸ ಅನುವಾದದ ಉತ್ತರಗಳನ್ನು ಉಳಿಸಿಡುವ ಕ್ಯಾಶ್) ಪೂರ್ತಿ ಖಾಲಿ ಮಾಡುತ್ತದೆ, ಆಮೇಲೆ ಎ20_ಮಾಸ್ಕ್ ಬದಲಿಸುತ್ತದೆ. ಎ20 ಆಫ್ ಇದ್ದಾಗ ಈ ಮಾಸ್ಕ್‌ನಲ್ಲಿ ದಶಮಾಂಶದ 20ನೇ ಬಿಟ್ ಮಾತ್ರ ಸೊನ್ನೆ, ಉಳಿದದ್ದೆಲ್ಲ ಒಂದು. ಭೌತಿಕ ವಿಳಾಸವನ್ನು ಈ ಮಾಸ್ಕ್ ಜೊತೆ ಆಂಡ್ ಮಾಡಿದರೆ ಆ ಬಿಟ್ ಬಿದ್ದುಹೋಗುತ್ತದೆ.

ಟಿಎಲ್‌ಬಿ ಯಾಕೆ ಖಾಲಿ ಮಾಡಬೇಕು? ಯಾಕೆಂದರೆ ಮಾಸ್ಕ್ ಹಾಕುವುದು ಪ್ರತಿ ಮೆಮೊರಿ ಓದಿಗೂ ಅಲ್ಲ. ಹಾಗೆ ಮಾಡಿದರೆ ಎಲ್ಲವೂ ನಿಧಾನ. ಒಂದು ಪುಟ ಮೊದಲ ಸಲ ಟಿಎಲ್‌ಬಿಗೆ ಬರುವಾಗ ಒಮ್ಮೆ ಮಾಸ್ಕ್ ಹಾಕಿ ಉತ್ತರ ಅಲ್ಲೇ ಇಡುತ್ತಾರೆ. ಎ20 ಬದಲಾದರೆ ಆ ಉತ್ತರಗಳೆಲ್ಲ ಹಳಸಿದವು. 486ರ ಒಳಗಿನ ಕ್ಯಾಶ್‌ಗೆ ಬಂದ ಅದೇ ತೊಂದರೆ ಇದು. ಕ್ಯೂಎಮುಗೆ ಡೀಬಗ್ ಆಯ್ಕೆಯಲ್ಲಿ ಎಂಎಂಯು ಅಂತ ಕೊಟ್ಟರೆ ಪ್ರತಿ ಬದಲಾವಣೆಯೂ ಲಾಗ್‌ನಲ್ಲಿ ಬರುತ್ತದೆ.

ಇನ್ನೊಂದು ಚಿಕ್ಕ ವಿಷಯ: ಸಿಪಿಯು ಎಸ್‌ಎಂಎಂ ಮೋಡ್‌ನಲ್ಲಿ (ಬಯೋಸ್‌ಗೇ ಮೀಸಲಾದ ಮೋಡ್) ಇದ್ದಾಗ ಕ್ಯೂಎಮು ಈ ಮಾಸ್ಕ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾಸ್ಕ್ ಕೊಡುವ ಫಂಕ್ಷನ್ ಆಗ ಎಲ್ಲ ಬಿಟ್ ಒಂದಾಗಿರುವ ಬೆಲೆ ಕೊಡುತ್ತದೆ.

ಹೆಜ್ಜೆ 4: ನಕ್ಷೆ ಬದಲಿಸುವ ಉಪಾಯ

ಮಾಸ್ಕ್ ಹಾಕುವುದು ಒಂದು ದಾರಿ. ಇನ್ನೊಂದು ದಾರಿ ನೋಡಬೇಕಾದರೆ ಡಾಸ್ ಎಮ್ಯುಲೇಟರ್ ಆದ ಡಾಸ್‌ಬಾಕ್ಸ್‌ನ ಸೋರ್ಸ್ ತೆರೆಯಿರಿ, ಮೆಮೊರಿ ಫೈಲ್‌ನಲ್ಲಿ ಎಂಇಎಂ_ಎ20_ಎನೇಬಲ್ ಅಂತ ಹುಡುಕಿ. ನಾಲ್ಕೈದು ಸಾಲಿನ ಫಂಕ್ಷನ್. 1 ಎಂಬಿಯಿಂದ ಶುರುವಾಗುವ ದಶಮಾಂಶದ 16 ಪುಟಗಳನ್ನು, ಅಂದರೆ 64 ಕೆಬಿಯನ್ನು, ಎ20 ಆನ್ ಇದ್ದರೆ ಅದೇ ಜಾಗಕ್ಕೆ, ಆಫ್ ಇದ್ದರೆ ಸೊನ್ನೆಯಿಂದ ಶುರುವಾಗುವ ಪುಟಗಳಿಗೆ ಜೋಡಿಸುತ್ತದೆ. ಅಷ್ಟೇ. ರಿಯಲ್ ಮೋಡ್ ಪ್ರೋಗ್ರಾಂಗೆ 1 ಎಂಬಿ ಮೇಲೆ ಕೈಗೆಟಕುವುದೇ ಆ 64 ಕೆಬಿ ತಾನೇ, ಅದನ್ನು ತಿರುಗಿಸಿದರೆ ಸಾಕು. ಇದು ನನಗೆ ತುಂಬ ಇಷ್ಟವಾದ ಕೋಡ್, ಇದಕ್ಕಿಂತ ಸರಳವಾಗಿ ಈ ಕೆಲಸ ಮಾಡುವುದು ಕಷ್ಟ.

ಈ ಉಪಾಯ ಹೊಸದೂ ಅಲ್ಲ. 386 ಕಾಲದಲ್ಲಿ ಇಎಂಎಂ386 ಥರದ ಮೆಮೊರಿ ಮ್ಯಾನೇಜರ್‌ಗಳು ಡಾಸನ್ನು ವರ್ಚುವಲ್ 8086 ಮೋಡ್‌ನಲ್ಲಿ ಕೂರಿಸಿ, ಎ20 ಪೋರ್ಟ್‌ಗಳಿಗೆ ಬರೆಯುವುದನ್ನು ಹಿಡಿದು, ಪೇಜ್ ಟೇಬಲ್‌ನಲ್ಲಿ ಆ ಪುಟಗಳನ್ನೇ ಬದಲಿಸುತ್ತಿದ್ದವು. ನಿಜವಾದ ಗೇಟ್ ತೆರೆದೇ ಇರುತ್ತಿತ್ತು. ಅದನ್ನೇ ನಾವು ಕೆವಿಎಂ ಮೇಲೆ ಮಾಡೋಣ.

ಹೆಜ್ಜೆ 5: ಕೆವಿಎಂ ಮೇಲೆ ಕಟ್ಟುವುದು

ಸಿ ಪ್ರೋಗ್ರಾಂನಲ್ಲಿ ಕೆವಿಎಂ ಡಿವೈಸ್ ತೆರೆಯಿರಿ, ಎಪಿಐ ಆವೃತ್ತಿ ಕೇಳಿ, ದಶಮಾಂಶದ 12 ಬರಬೇಕು. ವಿಎಂ ಸೃಷ್ಟಿಸಿ. ಎಂಮ್ಯಾಪ್‌ನಿಂದ 2 ಎಂಬಿ ಹೋಸ್ಟ್ ಮೆಮೊರಿ ತೆಗೆದುಕೊಳ್ಳಿ. ಇಂಟೆಲ್ ಪ್ರೊಸೆಸರ್ ವೆಸ್ಟ್‌ಮಿಯರ್‌ಗಿಂತ ಹಳೆಯದಾದರೆ ಟಿಎಸ್‌ಎಸ್ ವಿಳಾಸ ಕೊಡುವ ಐಆಕ್ಟಲ್ (ಕರ್ನಲ್‌ಗೆ ಕೊಡುವ ಕರೆ) ಕೂಡ ಬೇಕು, ಯಾಕೆಂದರೆ ಆ ಪ್ರೊಸೆಸರ್‌ಗಳ ವಿಎಂಎಕ್ಸ್ ರಿಯಲ್ ಮೋಡನ್ನು ನೇರವಾಗಿ ಓಡಿಸುತ್ತಿರಲಿಲ್ಲ.

ಈಗ ಮೆಮೊರಿ ಸ್ಲಾಟ್‌ಗಳು, ಅಂದರೆ ಗೆಸ್ಟ್‌ನ ಯಾವ ವಿಳಾಸ ಹೋಸ್ಟ್‌ನ ಯಾವ ಮೆಮೊರಿಗೆ ಅಂತ ಕೆವಿಎಂಗೆ ಹೇಳುವ ನಮೂದುಗಳು. ಸಾಮಾನ್ಯವಾಗಿ ಒಂದೇ ಸ್ಲಾಟ್ ಹಾಕಿ ಮುಗಿಸುತ್ತಾರೆ. ನಾವು ಮೂರು ಹಾಕುತ್ತೇವೆ. ಸ್ಲಾಟ್ 0: ಗೆಸ್ಟ್ ವಿಳಾಸ ಸೊನ್ನೆಯಿಂದ 1 ಎಂಬಿ, ಹೋಸ್ಟ್ ಬಫರ್‌ನ ಶುರುವಿಗೆ. ಸ್ಲಾಟ್ 1: ಗೆಸ್ಟ್ ವಿಳಾಸ 100000ದಿಂದ 64 ಕೆಬಿ ಮಾತ್ರ, ಹೋಸ್ಟ್ ಬಫರ್‌ನ 1 ಎಂಬಿ ಜಾಗಕ್ಕೆ. ಸ್ಲಾಟ್ 2: ಗೆಸ್ಟ್ ವಿಳಾಸ 110000ದಿಂದ ಉಳಿದ 960 ಕೆಬಿ, ಹೋಸ್ಟ್‌ನಲ್ಲೂ ಅದರ ಮುಂದಿನ ಜಾಗಕ್ಕೆ. ಆಟ ನಡೆಯುವುದೆಲ್ಲ ಸ್ಲಾಟ್ 1ರಲ್ಲಿ.

ವಿಸಿಪಿಯು (ವರ್ಚುವಲ್ ಸಿಪಿಯು) ಸೃಷ್ಟಿಸಿ, ಅದರ ರನ್ ಪುಟವನ್ನು ಮ್ಯಾಪ್ ಮಾಡಿ. ಸ್ಪೆಷಲ್ ರಿಜಿಸ್ಟರ್‌ಗಳನ್ನು ಓದಿ ಸಿಎಸ್‌ನ ಬೇಸ್ ಮತ್ತು ಸೆಲೆಕ್ಟರ್ ಎರಡನ್ನೂ ಸೊನ್ನೆ ಮಾಡಿ ವಾಪಸ್ ಬರೆಯಿರಿ. ಸೂಚನಾ ಪಾಯಿಂಟರ್ 1000, ಸ್ಟ್ಯಾಕ್ ಪಾಯಿಂಟರ್ ಯಾವುದಾದರೂ ಖಾಲಿ ಜಾಗ, ಫ್ಲ್ಯಾಗ್ಸ್ 2. ಹೆಜ್ಜೆ 1ರ ಪರೀಕ್ಷಾ ಕೋಡನ್ನು ಆರಂಭ ವಿಳಾಸ 1000 ಅಂತ ಮತ್ತೆ ಅಸೆಂಬಲ್ ಮಾಡಿ ಹೋಸ್ಟ್ ಬಫರ್‌ನ 1000ಕ್ಕೆ ತುಂಬಿ. ಇಲ್ಲಿ ಬಯೋಸ್ ಇಲ್ಲ, ಇಂಟರಪ್ಟ್ 10 ಕೆಲಸ ಮಾಡುವುದಿಲ್ಲ. ಅಕ್ಷರಗಳನ್ನು ಪೋರ್ಟ್ 80ಕ್ಕೆ ಕಳಿಸಿ, ನಮ್ಮ ಸಿ ಪ್ರೋಗ್ರಾಂ ಅವನ್ನು ಹಿಡಿದು ಟರ್ಮಿನಲ್‌ನಲ್ಲಿ ತೋರಿಸಲಿ.

ಆಮೇಲೆ ರನ್ ಲೂಪ್. ಪ್ರತಿ ಸಲ ಹೊರಬಂದಾಗ ಕಾರಣ ನೋಡಿ. ಹಾಲ್ಟ್ ಆದರೆ ಮುಗಿಸಿ. ಐಒ ಆದರೆ ಪೋರ್ಟ್ ನೋಡಿ. ಪೋರ್ಟ್ 80ಕ್ಕೆ ಬರೆದರೆ ಪ್ರಿಂಟ್ ಮಾಡಿ. ಪೋರ್ಟ್ 92 ಓದುತ್ತಿದ್ದರೆ ನೀವು ಉಳಿಸಿಟ್ಟ ಬೈಟನ್ನು ರನ್ ಪುಟದ ಡೇಟಾ ಆಫ್‌ಸೆಟ್ ಜಾಗದಲ್ಲಿ ಹಾಕಿ ಮತ್ತೆ ರನ್ ಕರೆಯಿರಿ. ಆ ಬೈಟ್‌ನ ಮೊದಲ ಬೆಲೆ 2, ಅಂದರೆ ಎ20 ಆನ್. ಪೋರ್ಟ್ 92ಕ್ಕೆ ಬರೆಯುತ್ತಿದ್ದರೆ ಬಿಟ್ 1 ಬದಲಾಗಿದೆಯಾ ನೋಡಿ, ಬದಲಾಗಿದ್ದರೆ ಮಾತ್ರ ಸ್ಲಾಟ್ 1 ತಿರುಗಿಸಿ.

ತಿರುಗಿಸುವುದು ಎರಡು ಕರೆಯ ಕೆಲಸ, ಒಂದರಲ್ಲಿ ಆಗುವುದಿಲ್ಲ. ಇರುವ ಸ್ಲಾಟ್‌ಗೆ ಸುಮ್ನೆ ಹೊಸ ಹೋಸ್ಟ್ ವಿಳಾಸ ಕೊಟ್ಟರೆ ಕೆವಿಎಂ ಒಪ್ಪುವುದಿಲ್ಲ, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಅನ್ನುತ್ತದೆ. ಮೊದಲು ಅದೇ ಸ್ಲಾಟ್ ನಂಬರ್‌ಗೆ ಗಾತ್ರ ಸೊನ್ನೆ ಕೊಟ್ಟು ಅಳಿಸಿ. ಆಮೇಲೆ ಹೊಸದಾಗಿ ಹಾಕಿ. ಎ20 ಆಫ್ ಆದರೆ ಹೋಸ್ಟ್ ವಿಳಾಸ ಬಫರ್‌ನ ಶುರು, ಅಂದರೆ ಸ್ಲಾಟ್ 0ಗೆ ಕೊಟ್ಟಿರುವ ಅದೇ ವಿಳಾಸ. ಆನ್ ಆದರೆ ಬಫರ್‌ನ 1 ಎಂಬಿ ಜಾಗ. ಗೆಸ್ಟ್ ವಿಳಾಸಗಳು ಒಂದರ ಮೇಲೊಂದು ಬರಬಾರದು ಅನ್ನುವುದಷ್ಟೇ ಕೆವಿಎಂ ನಿಯಮ, ಎರಡು ಸ್ಲಾಟ್ ಒಂದೇ ಹೋಸ್ಟ್ ಮೆಮೊರಿ ಹಂಚಿಕೊಂಡರೆ ಅದಕ್ಕೆ ತಕರಾರಿಲ್ಲ. ಮೊದಲು ಕೆವಿಎಂನಲ್ಲಿ ಅಲಿಯಾಸ್ ಹಾಕುವುದಕ್ಕೇ ಬೇರೆ ಐಆಕ್ಟಲ್ ಇತ್ತು, ಈ ದಾರಿ ಇರುವಾಗ ಅದು ಬೇಕಿಲ್ಲ ಅಂತ ತೆಗೆದುಹಾಕಿದರು. ಸ್ಲಾಟ್ ಅಳಿಸಿದಾಗ ಹಳೆಯ ಮ್ಯಾಪಿಂಗ್‌ಗಳನ್ನು ಕಿತ್ತುಹಾಕುವುದು, ಟಿಎಲ್‌ಬಿ ಖಾಲಿ ಮಾಡುವುದು ಎಲ್ಲ ಕೆವಿಎಂ ನೋಡಿಕೊಳ್ಳುತ್ತದೆ.

ಓಡಿಸಿ. ಈಗ ಕೆವಿಎಂ ಮೇಲೂ 101 ಬರುತ್ತದೆ.

ಹೆಜ್ಜೆ 6: ಇನ್ನೂ ಒಂದು ಪರೀಕ್ಷೆ

101 ಬಂತು ಅಂತ ನಿಲ್ಲಿಸಬೇಡಿ. ಎ20 ಆನ್ ಇಟ್ಟು ಇಎಸ್‌ನ 0610ಕ್ಕೆ 33 ಬರೆಯಿರಿ. ಆಫ್ ಮಾಡಿ ಅದೇ ಜಾಗಕ್ಕೆ 44 ಬರೆಯಿರಿ. ಮತ್ತೆ ಆನ್ ಮಾಡಿ ಓದಿ. 33 ಬರಬೇಕು, ಡಿಎಸ್‌ನ 0600ರಲ್ಲಿ 44 ಇರಬೇಕು. ಎಚ್‌ಎಂಎ ಒಳಗೆ ಡಾಸ್ ಕೂತಿರುತ್ತದೆ, ಗೇಟ್ ಮುಚ್ಚಿ ತೆರೆಯುವಷ್ಟರಲ್ಲಿ ಅದು ಕೆಡಬಾರದು ಅಲ್ವಾ? ನಾವು ಏನನ್ನೂ ಕಾಪಿ ಮಾಡದೆ ನಕ್ಷೆ ಮಾತ್ರ ಬದಲಿಸಿದ್ದರಿಂದ ಇದು ತಾನಾಗೇ ಸರಿ ಬರುತ್ತದೆ. 64 ಕೆಬಿ ಅತ್ತಿತ್ತ ಕಾಪಿ ಮಾಡುವ ಉಪಾಯ ಯಾರಾದರೂ ಹೇಳಿದರೆ ಈ ಪರೀಕ್ಷೆ ಮುಂದಿಡಿ.

ಕ್ಯೂಎಮುಗೇ ಹಾಕುವುದಾದರೆ

ಅದೇ ಉಪಾಯವನ್ನು ಕ್ಯೂಎಮು ಒಳಗೂ ಹಾಕಬಹುದು, ಸ್ಲಾಟ್ ನೇರವಾಗಿ ಮುಟ್ಟುವ ಅಗತ್ಯ ಇಲ್ಲ. ಅದರ ಮೆಮೊರಿ ಎಪಿಐಯಲ್ಲಿ ಅಲಿಯಾಸ್ ರೀಜನ್ ಅನ್ನುವುದು ಇದೆ. ರ್‍ಯಾಮ್‌ನ ಮೊದಲ 64 ಕೆಬಿಗೆ ಒಂದು ಅಲಿಯಾಸ್ ಮಾಡಿ, ಸಿಸ್ಟಂ ಮೆಮೊರಿಯಲ್ಲಿ 100000ಕ್ಕೆ ಓವರ್‌ಲ್ಯಾಪ್ ಆಗಿ, ರ್‍ಯಾಮ್‌ಗಿಂತ ಹೆಚ್ಚಿನ ಪ್ರಯಾರಿಟಿ ಕೊಟ್ಟು ಸೇರಿಸಿ. ಮೊದಲಿಗೆ ಅದು ಡಿಸೇಬಲ್ ಆಗಿರಲಿ. ಹ್ಯಾಂಡಲ್_ಎ20_ಲೈನ್_ಚೇಂಜ್ ಒಳಗೆ, ಕೆವಿಎಂ ಬಳಕೆಯಲ್ಲಿದ್ದರೆ, ಎ20 ಆಫ್ ಆದಾಗ ಅಲಿಯಾಸ್ ಎನೇಬಲ್ ಮಾಡಿ, ಆನ್ ಆದಾಗ ಡಿಸೇಬಲ್. ಸ್ಲಾಟ್ ಅಳಿಸಿ ಮತ್ತೆ ಹಾಕುವ ಕೆಲಸ ಕ್ಯೂಎಮುನ ಕೆವಿಎಂ ಭಾಗವೇ ಮಾಡುತ್ತದೆ. ಹಳೆಯ ಚಿಪ್‌ಸೆಟ್‌ಗಳ ಬಯೋಸ್ ಶ್ಯಾಡೋ ಜಾಗವನ್ನು, ಅಂದರೆ ಪಿಎಎಂ ರಿಜಿಸ್ಟರ್‌ಗಳನ್ನು, ಕ್ಯೂಎಮು ಎಮ್ಯುಲೇಟ್ ಮಾಡುವುದೂ ಇದೇ ಅಲಿಯಾಸ್ ಉಪಾಯದಿಂದ, ಹಾಗಾಗಿ ನೋಡಿ ಕಲಿಯಲು ಒಳ್ಳೆಯ ಮಾದರಿ ಪಕ್ಕದಲ್ಲೇ ಇದೆ.

ಎಲ್ಲಿ ಜೋಪಾನ

64 ಕೆಬಿ ತಿರುಗಿಸುವುದು ರಿಯಲ್ ಮೋಡ್‌ಗೆ ಪೂರ್ತಿ ಸರಿ. ಪ್ರೊಟೆಕ್ಟೆಡ್ ಮೋಡ್‌ನಲ್ಲಿ ಎ20 ಮುಚ್ಚಿಟ್ಟರೆ ನಿಜವಾದ ಮಷೀನ್‌ನಲ್ಲಿ ಬಿಟ್ ಬೀಳುವುದು ಎಲ್ಲ ವಿಳಾಸಗಳಲ್ಲೂ: 1ರಿಂದ 2 ಎಂಬಿ ಹೋಗಿ 0ಯಿಂದ 1 ಆಗುತ್ತದೆ, 3ರಿಂದ 4 ಹೋಗಿ 2ರಿಂದ 3. ಹಳೆಯ ಆಪರೇಟಿಂಗ್ ಸಿಸ್ಟಂಗಳ ಬೂಟ್ ಕೋಡ್ ಎ20 ಪರೀಕ್ಷಿಸುವುದು ಕೆಲವೊಮ್ಮೆ ಪ್ರೊಟೆಕ್ಟೆಡ್ ಮೋಡ್‌ಗೆ ಹೋದ ಮೇಲೆ. ಅವಕ್ಕೂ ಸರಿಹೋಗಬೇಕಾದರೆ ಬೆಸ ಸಂಖ್ಯೆಯ ಪ್ರತಿ ಎಂಬಿಗೂ ಒಂದು ಅಲಿಯಾಸ್ ಬೇಕು. 286ರ 16 ಎಂಬಿಗೆ ಅಂಥವು ಎಂಟೇ, ಅದೇನು ದೊಡ್ಡದಲ್ಲ. ಆದರೆ ಮೊದಲ ಎಂಬಿಯಲ್ಲಿ ವಿಜಿಎ ಮೆಮೊರಿಯ ಜಾಗ ಇದೆ, ಅದು ರ್‍ಯಾಮ್ ಅಲ್ಲ, ಡಿವೈಸ್. ಅಲ್ಲಿ ಸ್ಲಾಟ್ ಹಾಕದೆ ಖಾಲಿ ಬಿಡಬೇಕು, ಅದರ ಅಲಿಯಾಸ್‌ನಲ್ಲೂ ಅದೇ ಜಾಗ ಖಾಲಿ ಇರಬೇಕು, ಕೆವಿಎಂ ಎಂಎಂಐಒ (ಮೆಮೊರಿ ವಿಳಾಸದ ಮೂಲಕ ಡಿವೈಸ್ ಮುಟ್ಟುವುದು) ಅಂತ ಹೊರಬಂದಾಗ ವಿಳಾಸದಿಂದ ಬಿಟ್ 20 ನೀವೇ ತೆಗೆದು ಡಿವೈಸ್‌ಗೆ ಕೊಡಬೇಕು.

ಒಂದಕ್ಕಿಂತ ಹೆಚ್ಚು ವಿಸಿಪಿಯು ಇದ್ದರೆ ಸ್ಲಾಟ್ ಅಳಿಸಿ ಮತ್ತೆ ಹಾಕುವ ನಡುವೆ ಎಲ್ಲವನ್ನೂ ನಿಲ್ಲಿಸಿ. ಆ ಸಂದಿನಲ್ಲಿ ಇನ್ನೊಂದು ವಿಸಿಪಿಯು ಅಲ್ಲಿಗೆ ಬಂದರೆ ಮೆಮೊರಿಯೇ ಇಲ್ಲ, ಅದು ಎಂಎಂಐಒ ಅಂತ ಹೊರಬೀಳುತ್ತದೆ. ಡಾಸ್ ಓಡಿಸುವುದಕ್ಕೆ ಒಂದೇ ವಿಸಿಪಿಯು ಕೊಡುವುದು ಸುಲಭದ ದಾರಿ.

ಸ್ಲಾಟ್ ಬದಲಿಸುವುದು ಅಗ್ಗವೂ ಅಲ್ಲ, ಪೋರ್ಟ್ ಬರೆಯುವುದಕ್ಕಿಂತ ಎಷ್ಟೋ ಪಟ್ಟು ನಿಧಾನ. ಬಿಟ್ ನಿಜವಾಗಿ ಬದಲಾದಾಗ ಮಾತ್ರ ಮಾಡಿ ಅಂತ ಮೇಲೆ ಹೇಳಿದ್ದು ಅದಕ್ಕೇ. ಕೀಬೋರ್ಡ್ ದಾರಿಯನ್ನೂ ಸೇರಿಸುವುದಾದರೆ ಎರಡು ದಾರಿಗೂ ಬೇರೆ ಬೇರೆ ಬಿಟ್ ಇಟ್ಟುಕೊಂಡು, ಆರ್ ಮಾಡಿದ ಮೊತ್ತ ಬದಲಾದರೆ ಮಾತ್ರ ಸ್ಲಾಟ್ ಮುಟ್ಟಿ.

ಲೈವ್ ಮೈಗ್ರೇಶನ್, ಅಂದರೆ ಓಡುತ್ತಿರುವ ವಿಎಂ ಅನ್ನು ಇನ್ನೊಂದು ಮಷೀನ್‌ಗೆ ಸಾಗಿಸುವ ಕೆಲಸ, ಮಾಡುವವರಿಗೆ ಒಂದು ಮಾತು. ಯಾವ ಪುಟ ಬದಲಾಗಿದೆ ಅಂತ ಕೆವಿಎಂ ಲೆಕ್ಕ ಇಡುವುದು ಸ್ಲಾಟ್ ಪ್ರಕಾರ. ಎ20 ಆಫ್ ಇದ್ದಾಗ ಗೆಸ್ಟ್ 100600ಕ್ಕೆ ಬರೆದರೆ ಗುರುತು ಬೀಳುವುದು ಸ್ಲಾಟ್ 1ರ ಬಿಟ್‌ಮ್ಯಾಪ್‌ನಲ್ಲಿ, ಬದಲಾದದ್ದು ಸ್ಲಾಟ್ 0ರ ಮೆಮೊರಿ. ಎರಡೂ ಬಿಟ್‌ಮ್ಯಾಪ್ ಓದಿ ಒಂದೇ ಹೋಸ್ಟ್ ಪುಟಕ್ಕೆ ಸೇರಿಸಿಕೊಳ್ಳದಿದ್ದರೆ ಆ ಪುಟದ ಹಳೆಯ ಬೆಲೆಯೇ ಇನ್ನೊಂದು ಮಷೀನ್‌ಗೆ ಹೋಗುತ್ತದೆ.